ಕೆಆರ್‌ಎಸ್‌ಗೂ ಮುಂಚೆ ಚರಂಡಿ ಪೈಪಿನ ಲೆಕ್ಕ ಹಾಕಿದ್ದ ಸರ್ ಎಂ.ವಿ.: ಬೇರು ನುಗ್ಗಿ ಮ್ಯಾನ್‌ಹೋಲ್ ಉಕ್ಕುವಾಗ ನೆನೆಯಬೇಕಾದ ಬದುಕು

ಅರಳಗುಪ್ಪೆ: ತೆಂಗಿನ ಸೀಮೆಯ ಜನಕ್ಕೆ ಬೇರಿನ ಬುದ್ಧಿ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ತೋಟದ ಮರಗಳೆಲ್ಲ ಹರಳು ಉದುರಿಸಿ ನಿಂತಿದ್ದರೂ ಮನೆ ಹಿಂದೆ ಬಚ್ಚಲ ನೀರು ಹರಿಯುವ ಜಾಗದ ಮರ ಮಾತ್ರ ಗೊನೆ ತುಂಬಿಕೊಂಡಿರುತ್ತೆ. ಅದಕ್ಕೆ ಯಾರೂ ನೀರು ಹೊತ್ತು ಹಾಕಿರೋದಿಲ್ಲ. ನೀರು ಎಲ್ಲಿದೆ ಅಂತ ಬೇರೇ ಹುಡುಕಿಕೊಂಡು ಹೋಗಿರುತ್ತೆ.

ಅದೇ ಬೇರು ಪಟ್ಟಣದ ಒಳಚರಂಡಿ ಪೈಪಿಗೆ ನುಗ್ಗಿದರೆ ಮಾತ್ರ ಅಂಗಡಿ ಬೀದಿಯ ಗತಿ ಬೇರೆ. ಬೆಳಗ್ಗೆ ಶೆಟರ್ ಎತ್ತೋ ಹೊತ್ತಿಗೆ ಎದುರಿನ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ನೀರು ಮೆಟ್ಟಿಲ ತನಕ ಬಂದಿರುತ್ತೆ. ಹೋಟೆಲಿಗೆ ಗಿರಾಕಿ ಬರಲ್ಲ, ದಿನಸಿ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹೋಗ್ತಾರೆ. ಆಗ ಬಯ್ಯೋದು ಒಂದೋ ಪುರಸಭೆಯನ್ನ, ಇಲ್ಲ ಪಕ್ಕದ ಮರವನ್ನ.

ಈ ತಕರಾರಿಗೆ ನೂರು ವರ್ಷಕ್ಕೂ ಹಳೆಯದೊಂದು ಉತ್ತರ ಇದೆ. ಅದು ಇರೋದು ಕರ್ನಾಟಕದ ಮನೆಮನೆಗೂ ಗೊತ್ತಿರುವ ಒಬ್ಬರ ಬದುಕಿನಲ್ಲಿ. ಪ್ರತಿ ಸೆಪ್ಟೆಂಬರ್ 15ಕ್ಕೆ ಎಂಜಿನಿಯರ್‌ಗಳ ದಿನ ಅಂತ ಅವರ ಫೋಟೋಗೆ ಹಾರ ಹಾಕ್ತಾರೆ. ಭಾಷಣದಲ್ಲಿ ಕೆಆರ್‌ಎಸ್ ಅಣೆಕಟ್ಟು, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕು ಎಲ್ಲ ಬರುತ್ತೆ. ಚರಂಡಿ ಮಾತ್ರ ಬರಲ್ಲ. ಆದರೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕೆಆರ್‌ಎಸ್‌ಗೆ ಕೈಹಾಕೋದಕ್ಕೂ ಮೊದಲು ಕಾಲು ಶತಮಾನ ತಲೆಕೆಡಿಸಿಕೊಂಡಿದ್ದ ವಿಷಯಗಳಲ್ಲಿ ಕುಡಿಯುವ ನೀರು ಮತ್ತು ಕೊಳಚೆ ನೀರಿನ ಪೈಪುಗಳೇ ಮುಖ್ಯವಾದವು.

ಮುದ್ದೇನಹಳ್ಳಿಯ ಹುಡುಗ

ವಿಶ್ವೇಶ್ವರಯ್ಯ ಹುಟ್ಟಿದ್ದು 1860ರ ದಶಕದ ಶುರುವಿನಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ತಂದೆ ಬೇಗ ತೀರಿಕೊಂಡರು.

ಚಿಕ್ಕಬಳ್ಳಾಪುರದಲ್ಲಿ ಶಾಲೆ ಓದಿದ ಹುಡುಗ ಮುಂದಿನ ಓದಿಗೆ ಬೆಂಗಳೂರಿನ ಸೋದರಮಾವನ ಆಸರೆಗೆ ಬಂದ. ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿಕೊಂಡ. 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು.

ಅಲ್ಲಿಂದ ನಾಸಿಕ್, ಖಾನ್‌ದೇಶ, ಪುಣೆ ಅಂತ ಓಡಾಟ. ಈಗಿನ ಉತ್ತರ ಕರ್ನಾಟಕದ ಧಾರವಾಡ, ಬಿಜಾಪುರ ಆಗ ಮುಂಬಯಿ ಸರ್ಕಾರದ ಕೈಕೆಳಗಿದ್ದವು. ಆ ಕಡೆಯ ಊರುಗಳ ನೀರಿನ ಯೋಜನೆಗಳಲ್ಲೂ ಅವರು ಕೆಲಸ ಮಾಡಿದರು.

ಸಿಂಧೂ ನದಿಯ ಮರಳೇ ಜರಡಿ

ಹೆಸರು ತಂದುಕೊಟ್ಟಿದ್ದು ಸಕ್ಕರ್ ಊರು. ಈಗ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿದೆ. ಪಕ್ಕದಲ್ಲೇ ಸಿಂಧೂ ನದಿ ಹರೀತಿತ್ತು, ಆದರೆ ನೀರೆಲ್ಲ ಕೆಸರು. ಅದನ್ನು ಸೋಸೋಕೆ ದೊಡ್ಡ ತೊಟ್ಟಿಗಳನ್ನು ಕಟ್ಟುವಷ್ಟು ದುಡ್ಡು ಅಲ್ಲಿನ ಪುರಸಭೆ ಹತ್ತಿರ ಇರಲಿಲ್ಲ. 1894ರಲ್ಲಿ ಕೆಲಸ ವಿಶ್ವೇಶ್ವರಯ್ಯನವರ ಕೈಗೆ ಬಂತು.

ಅವರು ನದಿಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದು ಬಾವಿಗೆ ಸೇರುವ ಹೊತ್ತಿಗೆ ನೀರು ತಿಳಿಯಾಗಿರುತ್ತಿತ್ತು. ಅದನ್ನು ಪಂಪಿನಿಂದ ಎತ್ತಿ ಊರಿಗೆ ಕೊಟ್ಟರು. 1895ರಲ್ಲಿ ಕೆಲಸ ಮುಗಿಯಿತು.

ಇಲ್ಲಿ ಅವರ ಒಂದು ಗುಣ ಕಾಣುತ್ತೆ. ನೀರು, ಮರಳು, ಇಳಿಜಾರು ತಾವಾಗೇ ಏನು ಮಾಡ್ತವೆ ಅಂತ ಮೊದಲು ನೋಡೋದು, ಆಮೇಲೆ ಅದಕ್ಕೆ ಹೊಂದೋ ಹಾಗೆ ಕಟ್ಟೋದು. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಹಾಕಿಸಿದ ತಾನೇ ತೆರೆದು ಮುಚ್ಚುವ ಗೇಟುಗಳೂ ಇದೇ ಬುದ್ಧಿಯವು. ನೀರಿನ ಮಟ್ಟ ಏರಿದರೆ ಗೇಟು ಬಿಚ್ಚಿಕೊಳ್ತಿತ್ತು, ಇಳಿದರೆ ಮುಚ್ಚಿಕೊಳ್ತಿತ್ತು.

ಪ್ಲೇಗಿನ ಕಾಲ

ಅವರ ವೃತ್ತಿಯ ಈ ಭಾಗ ಅರ್ಥವಾಗಬೇಕಾದರೆ ಆ ದಿನಗಳ ಊರುಗಳು ಹೇಗಿದ್ದವು ಅಂತ ತಿಳಿಯಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು, ಆಮೇಲೆ ಪುಣೆಗೆ, 1898ರಲ್ಲಿ ಬೆಂಗಳೂರಿಗೆ. ಕಾಲರಾ ಅಂತೂ ಹೊಸದೇನಲ್ಲ. ತೆರೆದ ಚರಂಡಿ, ತಲೆ ಮೇಲೆ ಮಲ ಹೊರುವ ಜನ, ಅದನ್ನು ಒಯ್ಯುವ ಗಾಡಿ, ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ. ಪ್ಲೇಗ್ ಹರಡೋದು ಇಲಿ, ಚಿಗಟದಿಂದ. ಕಾಲರಾ ಹರಡೋದು ಕೊಳಚೆ ಸೇರಿದ ನೀರಿಂದ. ಎರಡೂ ಸೇರಿ ಊರಿನ ಹೊಲಸನ್ನ ಸರ್ಕಾರದ ಮುಂದೆ ತಂದು ನಿಲ್ಲಿಸಿದವು. ಎಂಜಿನಿಯರ್‌ಗೆ ಸೇತುವೆ, ರಸ್ತೆಯಷ್ಟೇ ಚರಂಡಿಯೂ ದೊಡ್ಡ ಕೆಲಸವಾಯಿತು.

ವಿಶ್ವೇಶ್ವರಯ್ಯ ಮುಂಬಯಿ ಸರ್ಕಾರದ ನೈರ್ಮಲ್ಯ ಎಂಜಿನಿಯರ್ ಆದರು. ನೈರ್ಮಲ್ಯ ಮಂಡಳಿಯಲ್ಲೂ ಕೂತರು. 1906ರ ಸುಮಾರಿಗೆ ಅವರನ್ನು ಸಮುದ್ರದಾಚೆಯ ಏಡನ್‌ಗೆ ಕಳಿಸಿದರು. ಬಿಸಿಲು, ಬಂಡೆ, ಉಪ್ಪು ನೀರಿನ ಆ ಬಂದರಿಗೆ ಕುಡಿಯುವ ನೀರು ಎಲ್ಲಿಂದ ತರೋದು, ಕೊಳಚೆ ಹೇಗೆ ಹೊರಗೆ ಸಾಗಿಸೋದು ಅಂತ ಎರಡಕ್ಕೂ ಅವರು ವರದಿ ಕೊಟ್ಟರು.

ಹೈದರಾಬಾದಿನ ಪ್ರವಾಹ

1908ರಲ್ಲಿ ಅವರು ಮುಂಬಯಿ ಸರ್ಕಾರದ ನೌಕರಿ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸಾವಿರಾರು ಜನ ಸತ್ತರು, ಬೀದಿಗೆ ಬೀದಿಯೇ ಕೊಚ್ಚಿ ಹೋಯಿತು. ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದು ಇಳಿದರು.

ಪ್ರವಾಹ ತಡೆಯೋದಕ್ಕೆ ನದಿಯ ಮೇಲ್ಭಾಗದಲ್ಲಿ ಎರಡು ಜಲಾಶಯ ಬೇಕು ಅಂತ ಅವರು ಹೇಳಿದ್ದು ಎಲ್ಲರಿಗೂ ಗೊತ್ತು. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಆಮೇಲೆ ಕಟ್ಟಿದ್ದು ಹಾಗೆ. ಅದರ ಜೊತೆಗೇ ಇನ್ನೊಂದು ಯೋಜನೆಯನ್ನೂ ಅವರು ಕೊಟ್ಟರು. ಅದು ಇಡೀ ಊರಿಗೆ ನೆಲದೊಳಗಿನ ಚರಂಡಿ. ಮನೆಗಳ ಕೊಳಚೆ ನದಿಗೆ ಬೀಳಬಾರದು, ಮುಚ್ಚಿದ ಪೈಪಿನಲ್ಲಿ ಊರಾಚೆ ಹೋಗಬೇಕು ಅನ್ನೋದು ಅದರ ತಿರುಳು. ಕೆಲಸ ಶುರುವಾಗಿ ಮುಗಿಯೋಕೆ ವರ್ಷಗಳೇ ಹಿಡಿದವು. ಮುಂದೆಯೂ ಹೈದರಾಬಾದ್ ಅವರನ್ನು ಸಲಹೆಗೆ ಕರೆಸಿಕೊಂಡಿತು.

ಪೈಪಿನ ಬಲ ಸಂದಿನಲ್ಲಿ

ಆ ಕಾಲದಲ್ಲಿ ಒಳಚರಂಡಿ ಅಂದರೆ ಹೆಚ್ಚಾಗಿ ಮಿರುಗು ಕೊಟ್ಟು ಸುಟ್ಟ ಮಣ್ಣಿನ ಪೈಪು. ಗಾರೆಯವರು ಇವತ್ತಿಗೂ ಸ್ಟೋನ್‌ವೇರ್ ಪೈಪು ಅಂತಾರೆ. ಮಣ್ಣಿನದಾದ್ದರಿಂದ ತುಂಡು ಚಿಕ್ಕದು. ಎರಡು ಅಡಿ ಉದ್ದದ ಪೈಪಾದರೆ ಒಂದು ಮೈಲಿಗೆ 2,640 ತುಂಡು ಬೇಕು. ಅಂದರೆ ಹೆಚ್ಚೂಕಡಿಮೆ ಅಷ್ಟೇ ಸಂದುಗಳು. ಒಂದರ ಬಾಯಿಗೆ ಇನ್ನೊಂದರ ತುದಿ ಸಿಕ್ಕಿಸಿ, ಡಾಂಬರು ಅದ್ದಿದ ಸೆಣಬು ತುರುಕಿ, ಮೇಲೆ ಸಿಮೆಂಟ್ ಗಾರೆ ಬಳೀಬೇಕಿತ್ತು.

ಇಳಿಜಾರಿನ ಲೆಕ್ಕವೂ ಅಷ್ಟೇ ಮುಖ್ಯ. ನೀರು ಸೆಕೆಂಡಿಗೆ ಎರಡು ಅಡಿಯಷ್ಟಾದರೂ ಓಡಬೇಕು. ಅದಕ್ಕಿಂತ ನಿಧಾನವಾದರೆ ಗಸಿ ತಳದಲ್ಲಿ ಕೂರುತ್ತೆ. ಸಣ್ಣ ಪೈಪಿನ ಸಾಲಿನಲ್ಲಿ ಸುಮಾರು ನೂರು ಅಡಿಗೊಂದು ಮ್ಯಾನ್‌ಹೋಲ್ ಇಡೋದು ಕಟ್ಟಿಕೊಂಡಾಗ ಬಿಡಿಸೋಕೆ. ಇದೆಲ್ಲ ಕಾಗದದ ಮೇಲೆ ಮೊದಲೇ ತೀರ್ಮಾನ ಆಗಬೇಕು. ಮಣ್ಣು ಮುಚ್ಚಿದ ಮೇಲೆ ತಪ್ಪು ಕಾಣೋದಿಲ್ಲ, ವಾಸನೆ ಮಾತ್ರ ಬರುತ್ತೆ.

ಬೇರಿನ ವಿಷಯ ಬರೋದು ಇಲ್ಲೇ. ಗಟ್ಟಿ ಪೈಪನ್ನ ಬೇರು ಕೊರೆದುಕೊಂಡು ಒಳಗೆ ಹೋಗೋದಿಲ್ಲ. ಗಾರೆ ಬಿರುಕು ಬಿಟ್ಟ ಸಂದಿನಲ್ಲಿ ಹನಿ ನೀರು ಒಸರುತ್ತೆ, ಸುತ್ತ ಮಣ್ಣು ತೇವ ಆಗುತ್ತೆ. ಕೂದಲಿನಷ್ಟು ತೆಳ್ಳಗಿನ ಬೇರು ಆ ತೇವ ಹಿಡಿದು ಬಂದು ಬಿರುಕಿನೊಳಗೆ ನುಸುಳುತ್ತೆ. ಒಳಗೆ ನೀರು, ಗಾಳಿ, ಗೊಬ್ಬರ ಮೂರೂ ಸಿಕ್ಕಿದ ಮೇಲೆ ಕೇಳಬೇಕಾ. ಸ್ವಲ್ಪ ದಿನದಲ್ಲೇ ಕುದುರೆ ಬಾಲದ ಹಾಗೆ ಬೆಳೆಯುತ್ತೆ. ಅದಕ್ಕೆ ಎಣ್ಣೆ ಜಿಡ್ಡು, ಬಟ್ಟೆ ಚೂರು, ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡು ಪೈಪು ಕಟ್ಟುತ್ತೆ. ಬೇರು ದಪ್ಪ ಆದ ಮೇಲೆ ಸಂದನ್ನೇ ಅಗಲಿಸಿ ಪೈಪು ಸೀಳುತ್ತೆ.

ಅರಳಗುಪ್ಪೆಯ ಕಲ್ಲೇಶ್ವರ ದೇವಸ್ಥಾನ ನೊಳಂಬರ ಕಾಲದ್ದು, ಒಂಬತ್ತನೇ ಶತಮಾನದ್ದು. ಅಷ್ಟು ಹಳೆಯ ಕಲ್ಲುಗುಡಿಗಳನ್ನ ನೋಡಿಕೊಳ್ಳುವವರಿಗೆ ಈ ಮಾತು ಬೇಗ ಹಿಡಿಸುತ್ತೆ. ಗೋಪುರದ ಮೇಲೆ ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಅರಳಿ ಬೀಜ ಚಪ್ಪಡಿ ನಡುವೆ ಮೊಳೆಯೋದಿಲ್ಲ, ಎರಡು ಕಲ್ಲಿನ ಸಂದಿನಲ್ಲಿ ಮೊಳೆಯುತ್ತೆ. ಸಸಿ ಇದ್ದಾಗಲೇ ಕಿತ್ತು ಸಂದು ಮುಚ್ಚಿದರೆ ಗುಡಿ ಉಳಿಯುತ್ತೆ.

ಪೈಪೂ ಬೇಕು, ಮರವೂ ಬೇಕು

1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಊರಿಗೆ ಮರಳಿದರು. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗಿದ್ದು ಆ ವರ್ಷಗಳಲ್ಲೇ. ಅರಸೀಕೆರೆಯಿಂದ ಮೈಸೂರಿಗೆ ರೈಲು ಹಳಿ ಬಿದ್ದಿದ್ದೂ ಅವರ ಕಾಲದಲ್ಲೇ. ಅರಳಗುಪ್ಪೆ, ತಿಪಟೂರು ದಾಟಿ ಅರಸೀಕೆರೆಗೆ ಹೋಗುವ ಹಳಿಗೆ ಅಲ್ಲಿಂದ ಹಾಸನ, ಮೈಸೂರಿನ ಕಡೆ ದಾರಿ ತೆರೆಯಿತು. ಇವೆಲ್ಲ ಶಾಲೆ ಪುಸ್ತಕದಲ್ಲಿ ಇರೋದೇ.

ಪುಸ್ತಕದಲ್ಲಿ ಅಷ್ಟಾಗಿ ಇಲ್ಲದ್ದು ಅದೇ ಸರ್ಕಾರದ ಇನ್ನೊಬ್ಬ ನೌಕರನ ಸಂಗತಿ. ಜರ್ಮನಿಯ ತೋಟಗಾರ ಗುಸ್ತಾವ್ ಕೃಂಬಿಗಲ್ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದಿದ್ದರು. ಒಂದು ಬೀದಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯದು ಶುರುವಾಗುವ ಹಾಗೆ ಜಾತಿ ಆರಿಸಿ ಬೆಂಗಳೂರಿನ ರಸ್ತೆಗಳಲ್ಲಿ ನೆಡಿಸಿದವರು ಅವರು. 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು.

ಒಂದೇ ಸಂಸ್ಥಾನದಲ್ಲಿ ಒಬ್ಬರು ನೆಲ ಅಗೆಸಿ ಕಟ್ಟುವವರು, ಇನ್ನೊಬ್ಬರು ನೆಲ ಅಗೆಸಿ ನೆಡುವವರು. ಇಬ್ಬರ ಕೆಲಸದಲ್ಲೂ ಒಂದು ವಿಷಯ ಸಮಾನ. ಎಲ್ಲಿ ಏನು ಬರಬೇಕು ಅಂತ ಮೊದಲೇ ಯೋಚನೆ ಮಾಡಿರುತ್ತಿದ್ದರು. ಈಗ ಆಗ್ತಿರೋದು ತಿರುಗುಮುರುಗು. ಎಷ್ಟೋ ಬಡಾವಣೆಗಳಲ್ಲಿ ಸಸಿ ನೆಡೋರಿಗೆ ಪೈಪು ಎಲ್ಲಿದೆ ಗೊತ್ತಿರಲ್ಲ, ಪೈಪು ಹಾಕೋರು ಮರ ನೋಡಿರಲ್ಲ.

ತೆಂಗಿನ ಬೇರು, ಅರಳಿ ಬೇರು

ಎಲ್ಲ ಬೇರೂ ಒಂದೇ ಅಲ್ಲ. ಆಲ, ಅರಳಿ, ಅತ್ತಿ, ಬಸರಿ ಈ ಜಾತಿಯವು ಪೈಪಿಗೆ ದೊಡ್ಡ ಅಪಾಯ. ಬೇರು ದೂರ ಹೋಗುತ್ತೆ, ವರ್ಷ ವರ್ಷ ದಪ್ಪ ಆಗುತ್ತೆ, ಗೋಡೆಯನ್ನೇ ಎತ್ತುತ್ತೆ. ಇವು ಕಟ್ಟೆಗೆ, ಕೆರೆ ಏರಿ ಆಚೆಗೆ, ಗುಂಡುತೋಪಿಗೆ ಚೆಂದ. ಯುಜಿಡಿ ಸಾಲಿನ ಮೇಲೆ ಬೇಡ.

ತೆಂಗಿನದು ಬೇರೆ ಥರ. ಬುಡದಿಂದ ಬೆರಳು ಗಾತ್ರದ ನೂರಾರು ಬೇರು ಹೊರಡುತ್ತೆ. ಅವು ಆಲದ ಬೇರಿನ ಹಾಗೆ ದಪ್ಪ ಆಗ್ತಾ ಹೋಗೋದಿಲ್ಲ. ಹೆಚ್ಚು ಚುರುಕಾಗಿರೋ ಬೇರು ಬುಡದಿಂದ ಸುತ್ತಲೂ ಆರು ಅಡಿ ದೂರದ ಒಳಗೇ ಇರುತ್ತೆ. ಗೊಬ್ಬರದ ಪಾತಿಯನ್ನ ರೈತರು ಅಷ್ಟೇ ಅಗಲ ಮಾಡೋದು ಅದಕ್ಕೇ. ಅದರಾಚೆಗೂ ಕೆಲವು ಹೋಗುತ್ತವೆ. ಹಾಗಾಗಿ ತೆಂಗು ಪೈಪು ಸೀಳೋದು ಕಡಿಮೆ, ಆದರೆ ಸೋರೋ ಸಂದು, ಮುಚ್ಚಳ ಸರಿಯಿಲ್ಲದ ಚೇಂಬರ್, ಸೋರುವ ಪಿಟ್ ಸಿಕ್ಕರೆ ಒಳಗೆ ಬೇರಿನ ಚಾಪೆ ಹಾಸಿಬಿಡುತ್ತೆ. ಮನೆಯಿಂದ ಬೀದಿ ಪೈಪಿಗೆ ಹೋಗುವ ಸಣ್ಣ ಸಾಲಿನ ಮೇಲೆ ಎರಡು ತೆಂಗು ನೆಟ್ಟವರು ಇದನ್ನ ನೆನಪಿಡಬೇಕು.

ಮರ ಕಡಿದರೆ ಮುಗೀತಾ?

ಮರ ಕಡಿದ ಮಾತ್ರಕ್ಕೆ ಸಂದು ಮುಚ್ಚೋದಿಲ್ಲ. ಸೋರಿಕೆ ಹಾಗೇ ಇದ್ದರೆ ನಾಳೆ ಪಕ್ಕದ ಮರದ ಬೇರು ಬರುತ್ತೆ. ಬೇರು ಬಾರದಿದ್ದರೂ ಕೊಳಚೆ ಭೂಮಿಗೆ ಇಳಿದು ಹತ್ತಿರದ ಬೋರ್‌ವೆಲ್ ಸೇರಬಹುದು. ಆ ಲೆಕ್ಕದಲ್ಲಿ ಬೇರು ಒಂದು ಸೂಚನೆ. ಎಲ್ಲಿ ಬೇರು ಬಂತೋ ಅಲ್ಲಿ ಪೈಪು ಸೋರ್ತಿದೆ ಅಂತ ಅರ್ಥ.

ಮಾಡಬೇಕಾದ್ದು ಇಷ್ಟು. ಕಟ್ಟಿದ ಪೈಪನ್ನು ನೀರಿನ ಒತ್ತಡದ ಜೆಟ್ಟಿಂಗ್ ಗಾಡಿಯಿಂದ ಬಿಡಿಸೋದು, ಬೇರು ಗಟ್ಟಿಯಾಗಿದ್ದರೆ ಅದನ್ನು ಕತ್ತರಿಸೋ ಬ್ಲೇಡಿನ ಮಿಷನ್ ಬಿಡೋದು. ಪೈಪಿನೊಳಗೆ ಕ್ಯಾಮೆರಾ ಕಳಿಸಿ ಯಾವ ಸಂದು ಅಂತ ಪತ್ತೆ ಮಾಡೋದು. ಆ ತುಂಡನ್ನ ಬದಲಾಯಿಸಿ ರಬ್ಬರ್ ರಿಂಗ್ ಇರೋ ಪೈಪು ಹಾಕೋದು. ಕತ್ತರಿಸಿ ಸುಮ್ಮನಾದರೆ ಬೇರು ಮತ್ತೆ ಚಿಗುರುತ್ತೆ, ಹಾಗಾಗಿ ಅದೇ ಜಾಗವನ್ನ ಆಗಾಗ ನೋಡ್ತಿರಬೇಕು.

ತೋಟಕ್ಕೆ ತಂದ ಮೈಲುತುತ್ತ ಸುರಿದರೆ ಬೇರು ಸಾಯುತ್ತೆ ಅನ್ನೋ ಮಾತಿದೆ. ಪೈಪಿನೊಳಗಿನ ಎಳೆ ಬೇರು ಸಾಯಬಹುದು. ಆದರೆ ಅದು ತಾಮ್ರದ ವಿಷ. ಕೊಳಚೆ ಶುದ್ಧ ಮಾಡೋ ಘಟಕದ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತೆ, ಕೆರೆ ಸೇರಿದರೆ ಮೀನಿಗೂ ಕಂಟಕ. ಮನೆಯವರು ತಾವೇ ಸುರಿಯೋ ವಸ್ತು ಅಲ್ಲ.

ಹೋಟೆಲ್, ಬೇಕರಿಯವರ ಪಾಲೂ ಇದೆ. ಬೇರಿಗೆ ಜಿಡ್ಡು ಸೇರಿದಾಗಲೇ ಪೈಪು ಪೂರ್ತಿ ಕಟ್ಟೋದು. ಸಿಂಕಿನ ನೀರು ಹೊರಗೆ ಹೋಗೋ ಮುಂಚೆ ಜಿಡ್ಡು ತಡೆಯೋ ಒಂದು ತೊಟ್ಟಿ ಇದ್ದು, ವಾರಕ್ಕೊಮ್ಮೆ ಅದನ್ನ ಬಳಿದು ತೆಗೆದರೆ ಇಡೀ ಬೀದಿ ಬಚಾವ್.

ಇಳಿಯೋದು ಮನುಷ್ಯ

ಇವೆಲ್ಲಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ಪೈಪು ಕಟ್ಟಿದ ಕೂಡಲೇ ಅಂಗಡಿಯವರು ಇಲ್ಲ ಮನೆಯವರು ನಾಲ್ಕು ಕಾಸು ಕೊಟ್ಟು ಯಾರನ್ನಾದರೂ ಮ್ಯಾನ್‌ಹೋಲಿಗೆ ಇಳಿಸೋದು ಇನ್ನೂ ಪೂರ್ತಿ ನಿಂತಿಲ್ಲ. ಒಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರುತ್ತೆ. ಇಳಿದವರು ಕೂಗೋಕೂ ಆಗದೆ ಕುಸೀತಾರೆ, ಎತ್ತೋಕೆ ಇಳಿದ ಎರಡನೆಯವರೂ ಸಾಯ್ತಾರೆ.

2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನ ಇಲ್ಲದೆ ಯಾರನ್ನೂ ಒಳಚರಂಡಿಗಾಗಲಿ ಪಿಟ್‌ಗಾಗಲಿ ಇಳಿಸುವಂತಿಲ್ಲ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಇಳಿಸಿದವರು ಅಧಿಕಾರಿಯೇ ಆಗಬೇಕಿಲ್ಲ, ಮನೆ ಯಜಮಾನನಾದರೂ ಅಂಗಡಿ ಮಾಲೀಕನಾದರೂ ಕಾನೂನು ಒಂದೇ.

ಮುಚ್ಚಿದ ಪೈಪು ಬಂದಿದ್ದರಿಂದ ತಲೆ ಮೇಲೆ ಮಲ ಹೊರೋದಾದರೂ ತಪ್ಪಬೇಕಿತ್ತು. ಆ ಪೈಪನ್ನ ನೋಡಿಕೊಳ್ಳದೆ ಬಿಟ್ಟು, ಕಟ್ಟಿದಾಗ ಅದರೊಳಗೇ ಮನುಷ್ಯನನ್ನ ಇಳಿಸಿದರೆ ನೂರು ವರ್ಷದ ಕೆಲಸ ಹಿಂದಕ್ಕೆ ಹೋದ ಹಾಗೆ.

ನೂರು ದಾಟುವವರೆಗೆ

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯ ಸುಮ್ಮನೆ ಕೂರಲಿಲ್ಲ. ಭದ್ರಾವತಿ ಕಾರ್ಖಾನೆ ನೋಡಿಕೊಂಡರು, ಬೇರೆ ಬೇರೆ ಊರುಗಳಿಗೆ ಸಲಹೆ ಕೊಡ್ತಾ ಓಡಾಡಿದರು, ಪುಸ್ತಕ ಬರೆದರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕ ಇದೆ.

ಅಣೆಕಟ್ಟು ನೋಡೋಕೆ ಜನ ಬಸ್ಸು ಮಾಡಿಕೊಂಡು ಹೋಗ್ತಾರೆ. ಚರಂಡಿ ಪೈಪು ನೋಡೋಕೆ ಯಾರೂ ಹೋಗಲ್ಲ, ಹೋಗಬೇಕಾಗೂ ಇಲ್ಲ. ಸರಿಯಾಗಿದ್ದರೆ ಅದು ಇದೆ ಅನ್ನೋದೇ ಗೊತ್ತಾಗಬಾರದು. ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರದ ಜೊತೆಗೆ ಒಂದು ಕೆಲಸ ಆದರೆ ಸಾಕು. ವಾರ್ಡಿನ ಯುಜಿಡಿ ಸಾಲು ಎಲ್ಲಿ ಹೋಗಿದೆ ಅಂತ ಪುರಸಭೆಯಲ್ಲಿ ನಕ್ಷೆ ಕೇಳಿ ನೋಡುವುದು, ಸಸಿ ನೆಡೋ ಗುಂಡಿಯನ್ನ ಅದರಿಂದ ದೂರ ತೋಡುವುದು.